ವಾರ್ಡಿನಲ್ಲಿ ವ್ಯಾಯಾಮ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಮನಸ್ಸಿನ ಕಾಯಿಲೆಯೆಂದರೆ ನಮ್ಮಲ್ಲಿ ಇನ್ನೂ ಬಾಯಿಗೆ ಕೈ ಅಡ್ಡವಿಟ್ಟು ಮಾತಾಡುವ ರೂಢಿ. ಇಂದು ನಾನು ಕೈ ತೆಗೆದೇ ಮಾತಾಡುತ್ತೇನೆ. ಯಾಕೆಂದರೆ ಆಸ್ಪತ್ರೆ ಸೇರಿದ ನಮ್ಮವರನ್ನು ನೋಡಿ ಬರಲು ಹೋಗುವವನು ನಾನು.

ಮುಂಜಾನೆ 5ಕ್ಕೆ ಭಟ್ಟಿ ಹಚ್ಚಿ ರಾತ್ರಿ 11ರ ತನಕ ಕಾಲ ಮೇಲೆ ನಿಲ್ಲುವ ಜನ ನಾವು. ಅಂಥವನನ್ನು ವಾರ್ಡಿಗೆ ಸೇರಿಸಿದರೆ ವಾರಗಟ್ಟಲೆ ಮಂಚದ ಮೇಲೆ ಕೂತು ಗೋಡೆ ನೋಡುವುದೊಂದೇ ಕೆಲಸ. ಮೇಲೆ ಗುಳಿಗೆ. ಓಲಾಂಜಪಿನ್, ಕ್ಲೋಜಪಿನ್ ಮುಂತಾದವು ಭ್ರಮೆಯನ್ನು ತಗ್ಗಿಸುತ್ತವೆ, ನಿಜ. ಆದರೆ ಹಸಿವೆ ಹೆಚ್ಚಿ ತೂಕ ಏರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆಯೂ ಬರುತ್ತದೆ. ನಮ್ಮವನೊಬ್ಬ ಹೊರಗೆ ಬಂದಾಗ ಹಳೆಯ ಅಂಗಿಯ ಗುಂಡಿ ಕೂಡಲಿಲ್ಲ. "ಇದು ನನ್ನ ಮೈಯಲ್ಲ ಮಾರಾಯ್ರೇ" ಎಂದು ಗುಳಿಗೆಯನ್ನೇ ಬಿಟ್ಟ. ಎರಡು ತಿಂಗಳಲ್ಲಿ ಮತ್ತೆ ಅದೇ ವಾರ್ಡು! ಗುಳಿಗೆ ಬಿಡಬೇಡಿ, ಗುಳಿಗೆಯ ಜೊತೆಗೆ ನಡಿಗೆಯನ್ನೂ ಕೇಳಿ.

ಇದು ಹೊಸ ಮಾತಲ್ಲ. 1796ರಲ್ಲಿ ಇಂಗ್ಲೆಂಡಿನ ಯಾರ್ಕಿನಲ್ಲಿ ವಿಲಿಯಂ ಟ್ಯೂಕ್ ಎಂಬವರು ತೆರೆದ ಆಶ್ರಯದಲ್ಲಿ ರೋಗಿಗಳಿಗೆ ಸರಪಳಿಯಿರಲಿಲ್ಲ, ತೋಟದಲ್ಲಿ ತಿರುಗಾಟವಿತ್ತು. ಟ್ಯೂಕ್ ಚಹಾ ವ್ಯಾಪಾರಿ. ನಮ್ಮ ಕಸುಬಿನ ನೆಂಟನೇ ಅನ್ನಿ. 2007ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಸೇರಿ ಪ್ರಕಟಿಸಿದ ಅಧ್ಯಯನವೊಂದಿದೆ. ಸ್ಕಿಜೋಫ್ರೇನಿಯಾದ 61 ಮಂದಿಯಲ್ಲಿ ಕೆಲವರಿಗೆ ಯೋಗ, ಉಳಿದವರಿಗೆ ವ್ಯಾಯಾಮ ಕಲಿಸಿದರು, ಗುಳಿಗೆ ನಿಲ್ಲಿಸದೆ. ನಾಲ್ಕು ತಿಂಗಳ ಬಳಿಕ ಯೋಗದವರಲ್ಲಿ ಹೆಚ್ಚು ಗುಣ ಕಂಡಿತು.

ಆದರೆ ಗರಡಿಯ ಹುರುಪು ಬೇಡ. ಲಿಥಿಯಂ ತೆಗೆದುಕೊಳ್ಳುವವನು ಬೆವರು ಸುರಿಸಿ ನೀರು ಕುಡಿಯದಿದ್ದರೆ ಆ ಔಷಧಿ ರಕ್ತದಲ್ಲಿ ಏರಿ ವಿಷವಾದೀತು. ಕೆಲವು ಗುಳಿಗೆಗೆ ಎದ್ದು ನಿಂತರೆ ತಲೆ ತಿರುಗುತ್ತದೆ. ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಒಂದು ಕಡೆ ನಮ್ಮ ಹುಡುಗನ ಕೈಗೆ ಪೊರಕೆ ಕೊಟ್ಟು "ಇದೇ ನಿನ್ನ ಎಕ್ಸರ್‌ಸೈಜು" ಎಂದಿದ್ದರು. ಹೋಟೆಲಿನಲ್ಲಿ ಕಸ ಗುಡಿಸಿ ಬೇಸತ್ತವನಿಗೆ ಆಸ್ಪತ್ರೆಯಲ್ಲೂ ಅದೇ, ಅದೂ ಬಿಟ್ಟಿ! ವ್ಯಾಯಾಮ ಬೇರೆ, ಚಾಕರಿ ಬೇರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 20ನೇ ಕಲಮಿನ ಪ್ರಕಾರ ರೋಗಿಯಿಂದ ಬಲವಂತವಾಗಿ ಕೆಲಸ ಮಾಡಿಸಕೂಡದು. ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಬೇಕು. ವಿರಾಮಕ್ಕೆ, ಮನರಂಜನೆಗೆ ಅನುಕೂಲವಿರಬೇಕೆಂದೂ ಅದೇ ಕಲಮು ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆ ಅಂಗಳದಲ್ಲಿ ನಡೆಯಲು ಬಿಡಿ ಎಂದು ಕೇಳುವುದು ಭಿಕ್ಷೆಯಲ್ಲ.

ಕೇಳುವವರು ಯಾರು? ಅಪ್ಪ ಅಮ್ಮ ಉಡುಪಿ, ಕುಂದಾಪುರದಲ್ಲಿ; ನಾವು ಮುಂಬಯಿಯಲ್ಲಿ. ಅದಕ್ಕೂ 14ನೇ ಕಲಮಿನಲ್ಲಿ ದಾರಿಯಿದೆ. ವಯಸ್ಕನಾದವನು ತನ್ನ ಪರವಾಗಿ ನಿಲ್ಲುವ ಒಬ್ಬನನ್ನು ಸಾದಾ ಕಾಗದದಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು. ಅವನು ರಕ್ತ ಸಂಬಂಧಿಯೇ ಆಗಬೇಕಿಲ್ಲ. ಒಪ್ಪಿ ಬರೆದುಕೊಟ್ಟರೆ ರೂಮಿನ ಜೊತೆಗಾರನೂ ಆದೀತು. ಚಿಕಿತ್ಸೆಯ ವಿವರ ಕೇಳುವ ಹಕ್ಕು ಅವನಿಗಿದೆ. ಕಾಗದ, ಪೆನ್ನು ಈ ಮೇಜಿನ ಮೇಲಿವೆ. ಸಭೆ ಮುಗಿದ ಮೇಲೆ ಚಹಾಕ್ಕೆ ಹೋಗುವ ಮುಂಚೆ ಬನ್ನಿ, ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ.