ಹಳೆಯ ಆಟಗಾರರ ಸಹಾಯಾರ್ಥ ಕೂಟ
(ನುಗ್ಗೇಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ತಂಡ, ನಮ್ಮನ್ನು ಆಳಿದ ಬ್ರಿಟನ್ನನ್ನೇ 4-0ರಿಂದ ಸೋಲಿಸಿತು. 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಆ ಚರಿತ್ರೆಯನ್ನು ನೆನೆದು ಹಳೆಯ ಆಟಗಾರರನ್ನು ಒಂದೆಡೆ ಸೇರಿಸಿ, ಅವರಿಗಾಗಿ ನಿಧಿ ಕೂಡಿಸೋಣ ಎಂದಿದ್ದೀರಿ. ಸಂತೋಷ. ಆದರೆ ಹೊಣೆ ಯಾರದು?

ಕೊಡಗನ್ನು ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಹಾಕಿ ಹಬ್ಬ ಆರಂಭಿಸಿದರು. ಅಲ್ಲಿ ಒಂದೊಂದು ಸಲ ಒಂದೊಂದು ಮನೆತನ ಹೊಣೆ ಹೊರುತ್ತದೆ. ನಾವೂ ಬೀದಿಗೊಬ್ಬರಂತೆ ಹೊರೋಣ. ಗಿರಣಿಯವರು ಒಂದು ಸಂಜೆಯ ದುಡಿಮೆ ಕೊಡಲಿ, ಅಂಗಡಿಯವರು ಅಕ್ಕಿ ಬೇಳೆ ಕೊಡಲಿ. ರಸೀದಿ ಹರಿಯದೆ ಕಾಸು ಮುಟ್ಟಬೇಡಿ. ಜಮಾಖರ್ಚನ್ನು ಸಂತೆಯ ದಿನ ಎಲ್ಲರೆದುರು ಓದಿ.

ಶಾಲು ಹಾರಗಳಿಗೆ ಹಣ ಸುರಿದು, ಮೊಣಕಾಲು ಸೋತ ಆಟಗಾರನನ್ನು ಬರಿಗೈಯಲ್ಲಿ ಕಳಿಸಬಾರದು. ಅವನಿಗೆ ಕೊಡುವುದು ಭಿಕ್ಷೆಯಲ್ಲ, ನಮ್ಮ ಬಾಕಿ.