ಮೊದಲ ದಿನವೇ ಹೇಳಬೇಕಾಗಿದ್ದ ಮಾತು

(ವಾರ್ಷಿಕೋತ್ಸವದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದೇಶದ ಕಲಿಕೆಯ ಬಗ್ಗೆ ನಾಲ್ಕು ಮಾತು ಆಡಲು ಸಂಘದ ಹಿರಿಯರು ಹೇಳಿದ್ದಾರೆ. ಉಪದೇಶ ಮಾಡುವಷ್ಟು ದೊಡ್ಡವಳು ನಾನಲ್ಲ. ಸ್ಪ್ಯಾನಿಷ್ ಭಾಷೆ ಕಲಿಯಲೆಂದು ಸ್ಪೇನ್‌ನ ಗ್ರಾನಡಾ ನಗರಕ್ಕೆ ಹೋದಾಗಿನ ಮೊದಲ ಐದು ದಿನಗಳ ಕಥೆಯನ್ನಷ್ಟೇ ಹೇಳುತ್ತೇನೆ. ಅದರಲ್ಲಿ ನನ್ನದೊಂದು ತಪ್ಪಿದೆ. ಆ ತಪ್ಪಿಗಾಗಿಯೇ ಈ ಕಥೆ.

"ಸ್ಪ್ಯಾನಿಷ್ ಕಲಿತು ಏನು ಮಾಡುತ್ತೀ?" ಎಂದು ಆಗ ಹಲವರು ಕೇಳಿದ್ದರು. ಅದು ಇಪ್ಪತ್ತು ದೇಶಗಳ ಅಧಿಕೃತ ಭಾಷೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಅರಬಿಯಂತೆ ಅದೂ ಒಂದು. ನನ್ನ ತಂದೆ ಇದೊಂದನ್ನೂ ಕೇಳಲಿಲ್ಲ. "ಯಾರ ಮನೆಯಲ್ಲಿ ಇರುತ್ತೀ? ಏನು ತಿನ್ನುತ್ತೀ?" ಎಂದಷ್ಟೇ ಕೇಳಿದರು. ಊಟದ ಬಗ್ಗೆ ಎಲ್ಲವನ್ನೂ ಬರೆದು ತಿಳಿಸಿದ್ದೇನೆ ಎಂದು ಅವರಿಗೆ ಧೈರ್ಯ ಹೇಳಿದೆ. ನಿಜ ಸಂಗತಿ ಬೇರೆಯೇ ಇತ್ತು. ವಿದ್ಯಾರ್ಥಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಕುಟುಂಬಕ್ಕೆ ಕಳುಹಿಸುವ ಅರ್ಜಿಯಲ್ಲಿ "ಊಟದಲ್ಲಿ ನಿರ್ಬಂಧಗಳೇನಾದರೂ ಇವೆಯೇ?" ಎಂಬ ಪ್ರಶ್ನೆ ಇತ್ತು. ಇದೆ ಎಂದು ಬರೆದರೆ ಯಾವ ಮನೆಯವರೂ ಒಪ್ಪಲಿಕ್ಕಿಲ್ಲ ಎಂದು ಹೆದರಿ "ಇಲ್ಲ" ಎಂದು ಬರೆದುಬಿಟ್ಟಿದ್ದೆ.

ಮನೆ ಸಿಕ್ಕಿದ್ದು ಅಲ್ಬೈಸಿನ್ ಎಂಬ ಹಳೆಯ ಗುಡ್ಡದ ಕೇರಿಯಲ್ಲಿ. ಮನೆಯೊಡತಿ ವಿಧವೆ. ಜೊತೆಗೆ ಎಂಬತ್ತು ದಾಟಿದ ಅವರ ತಾಯಿ. ನಾನು ಅವರನ್ನು ಸೆನ್ಯೋರಾ ಎಂದೂ, ಅವರ ತಾಯಿಯನ್ನು ಮನೆಯವರಂತೆಯೇ ಅಬ್ವೇಲಾ, ಅಂದರೆ ಅಜ್ಜಿ, ಎಂದೂ ಕರೆಯುತ್ತಿದ್ದೆ.

ಮೊದಲ ದಿನ ಮಧ್ಯಾಹ್ನದ ಊಟ ಬಡಿಸಿದ್ದು ಮೂರು ಗಂಟೆಗೆ. ಅಲ್ಲಿನವರಿಗೆ ಅದೇ ಹೊತ್ತು. ರಾತ್ರಿಯೂಟ ಒಂಬತ್ತರ ಮೇಲೆ. ಬಟ್ಟಲಲ್ಲಿ ನಮ್ಮ ಚೆನ್ನಂಗಿ ಬೇಳೆಯಂಥದೇ ಬೇಳೆ ಕಂಡು ಮನಸ್ಸಿಗೆ ಹಿತವಾಯಿತು. ಚಮಚ ಹಾಕಿದೆ, ಕೆಂಪಗಿನ ಬಿಲ್ಲೆಗಳು ಮೇಲೆ ಬಂದವು. ಅದು ಚೊರೀಸೊ, ಹಂದಿ ಮಾಂಸದ ಖಾದ್ಯ. "ನಾನು ಇದನ್ನು ತಿನ್ನುವುದಿಲ್ಲ" ಎನ್ನಲು ಬೇಕಾಗಿದ್ದ ಪದಗಳು ನನಗೆ ಗೊತ್ತಿದ್ದವು. ಆದರೆ ಅರ್ಜಿಯಲ್ಲಿ ಬರೆದಿದ್ದ ಸುಳ್ಳು ನಾಲಿಗೆಯನ್ನು ಕಟ್ಟಿಹಾಕಿತು. ಸುಸ್ತಾಗಿದೆ ಎಂದು ಹೇಳಲು ಹೋಗಿ "ಎಸ್ತೋಯ್ ಕಸಾದಾ" ಎಂದೆ. ಸೆನ್ಯೋರಾ ಕಣ್ಣರಳಿಸಿ ನನ್ನ ಕೈಬೆರಳು ನೋಡಿದರು. ಸುಸ್ತಿಗೆ "ಕನ್ಸಾದಾ" ಎನ್ನಬೇಕಿತ್ತು. ನಾನು ಹೇಳಿದ್ದರ ಅರ್ಥ "ನನಗೆ ಮದುವೆಯಾಗಿದೆ" ಎಂದು!

ಇನ್ನೊಂದು ಎಡವಟ್ಟೂ ಆಯಿತು. ಊರಿನ ಅಭ್ಯಾಸದಂತೆ ಪಶ್ಚಿಮಕ್ಕೆ ಮುಖ ಮಾಡಿ ನಮಾಝ್ ಮಾಡುತ್ತಿದ್ದೆ. ಎರಡನೆಯ ದಿನ ತರಗತಿಯ ಗೋಡೆಯಲ್ಲಿದ್ದ ಭೂಪಟ ನೋಡಿದಾಗ ಎಚ್ಚರವಾಯಿತು. ಅಲ್ಲಿಂದ ಮಕ್ಕಾ ಇರುವುದು ಪೂರ್ವಕ್ಕಲ್ಲವೇ? ಊರು ಬಿಟ್ಟು ಬಂದಿದ್ದೇನೆ ಎಂಬುದು ನನಗೆ ನಿಜವಾಗಿ ಅರಿವಾದದ್ದು ಆ ಗಳಿಗೆಯಲ್ಲಿ.

ನಾಲ್ಕು ದಿನ ಬ್ರೆಡ್ಡು, ಆಲಿವ್ ಎಣ್ಣೆ, ಕಿತ್ತಳೆಯಲ್ಲೇ ಕಳೆದೆ. ಒಂದು ದಿನ ಸುಸ್ತು, ಮರುದಿನ ತಲೆನೋವು, ಹೀಗೆ ದಿನಕ್ಕೊಂದು ನೆಪ. ಐದನೆಯ ದಿನ ತರಗತಿಯಿಂದ ಬಂದಾಗ ಸೆನ್ಯೋರಾ ಅಡುಗೆಮನೆಯಲ್ಲಿ ಸುಮ್ಮನೆ ಕುಳಿತಿದ್ದರು. "ನನ್ನ ಕೈಯಡುಗೆ ಅಷ್ಟು ಕೆಟ್ಟದಾಗಿದೆಯೇ? ಬೇರೆ ಮನೆ ನೋಡಿಕೊಳ್ಳುತ್ತೀಯಾ?" ಎಂದು ನಿಧಾನವಾಗಿ ಕೇಳಿದರು. ಅವರ ದನಿ ನಡುಗುತ್ತಿತ್ತು. ನನ್ನ ಸುಳ್ಳು ಬಡಿದದ್ದು ಒಬ್ಬ ತಾಯಿಯ ಮನಸ್ಸಿಗೆ. ನಿಘಂಟು ಹಿಡಿದುಕೊಂಡು, ಅರ್ಧಂಬರ್ಧ ವಾಕ್ಯಗಳಲ್ಲಿ, ಅರ್ಜಿಯ ವಿಷಯವೂ ಸೇರಿದಂತೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ.

ಅವರು ನಿಟ್ಟುಸಿರು ಬಿಟ್ಟರು. "ನಿನ್ನ ತಲೆವಸ್ತ್ರ ನೋಡಿದಾಗಲೇ ಅನುಮಾನ ಬಂದಿತ್ತು. ಆದರೆ ನೀನೇ 'ಇಲ್ಲ' ಎಂದು ಬರೆದಿದ್ದೆಯಲ್ಲ! ಕೇಳಿದರೆ ಬೇಸರಪಟ್ಟುಕೊಳ್ಳುತ್ತೀಯೇನೋ ಎಂದು ಸುಮ್ಮನಾದೆ" ಎಂದರು. ಅದೇ ರಾತ್ರಿ ಬೇರೆ ಬಾಣಲೆ ತೆಗೆದು ಮೊಟ್ಟೆ ಮತ್ತು ಬಟಾಟೆಯ ದಪ್ಪ ತೊರ್ತಿಯಾ ಮಾಡಿದರು. ಅವರ ಬಾಯಲ್ಲಿ ಅದು "ಪತಾತಾ", ನಮ್ಮ ಕರಾವಳಿಯಲ್ಲಿ ಬಟಾಟೆ. ಮರುವಾರ ಮೊರೊಕ್ಕೊದವರ ಅಂಗಡಿಯಿಂದ ಹಲಾಲ್ ಕೋಳಿ ತರಲು ಅವರೇ ನನ್ನನ್ನು ಕರೆದುಕೊಂಡು ಹೋದರು.

ಈ ಘಟನೆ ಗ್ರಾನಡಾದಲ್ಲಿ ನಡೆಯಿತು ಎಂಬುದನ್ನು ಗಮನಿಸಿ. ಸ್ಪೇನ್‌ನ ಕೊನೆಯ ಮುಸ್ಲಿಂ ರಾಜ್ಯ 1492ರ ಜನವರಿ 2ರಂದು ಕೊನೆಗೊಂಡದ್ದು ಅಲ್ಲೇ. ಕೆಲವೇ ವರ್ಷಗಳಲ್ಲಿ ಅಲ್ಲಿನ ಮುಸ್ಲಿಮರಿಗೆ ಬಲವಂತದ ಮತಾಂತರವಾಯಿತು. ಆಮೇಲೆ ಹಂದಿ ಮಾಂಸ ತಿನ್ನದವರು ಗುಟ್ಟಾಗಿ ಹಳೆಯ ಧರ್ಮ ಪಾಲಿಸುತ್ತಿದ್ದಾರೆಂದು ಧಾರ್ಮಿಕ ವಿಚಾರಣಾ ನ್ಯಾಯಾಲಯ ಸಂಶಯಪಡುತ್ತಿತ್ತು. 1609ರಿಂದ 1614ರವರೆಗೆ ಅವರ ಸಂತತಿಯನ್ನೇ ದೇಶದಿಂದ ಹೊರಹಾಕಲಾಯಿತು. ಊಟದ ಮೇಜಿನಲ್ಲಿ ನಿಜ ಹೇಳಿದರೆ ಅವರ ಪ್ರಾಣಕ್ಕೇ ಅಪಾಯವಿತ್ತು. ನನಗೆ ಯಾವ ಅಪಾಯವಿತ್ತು? 2003ರಲ್ಲಿ ಅದೇ ಅಲ್ಬೈಸಿನ್‌ನಲ್ಲಿ, ಅಲ್‌ಹಂಬ್ರಾ ಅರಮನೆಗೆ ಎದುರಾಗಿ, ಮಸೀದಿಯೂ ತೆರೆದಿದೆ. ನನ್ನ ಬಾಯಿ ಮುಚ್ಚಿಸಿದ್ದು ಯಾವ ರಾಜನೂ ಅಲ್ಲ, ನನ್ನದೇ ಅಂಜಿಕೆ.

ಆ ದಿನದಿಂದ ಭಾಷೆಯೂ ಒಲಿಯಿತು. ಎಣ್ಣೆಗೆ "ಅಸೆಯ್ತೆ", ಅರಬಿಯ ಅಝ್ಝೈತ್. ಸಕ್ಕರೆಗೆ "ಅಸೂಕರ್", ಅರಬಿಯ ಅಸ್ಸುಕ್ಕರ್. ನಮ್ಮ ಸಕ್ಕರೆಯೂ ಅದೇ ಬಳಗದ್ದು. ಅಜ್ಜಿ ಮಳೆಗಾಗಿ ಆಕಾಶ ನೋಡಿ "ಓಹಲಾ" ಎನ್ನುತ್ತಿದ್ದರು, ಹಾಗಾಗಲಿ ಎಂಬ ಅರ್ಥದಲ್ಲಿ. ಅದು "ಅಲ್ಲಾಹನು ಇಚ್ಛಿಸಿದರೆ" ಎಂಬ ಅರಬಿ ಮಾತಿನಿಂದ ಬಂದದ್ದೆಂದು ತರಗತಿಯಲ್ಲಿ ಕಲಿತು ಬಂದು ತಿಳಿಸಿದೆ. ಅಜ್ಜಿ ನಕ್ಕು, ನನ್ನ ಕೆನ್ನೆ ಸವರಿ, "ಹಾಗಾದರೆ ಇಷ್ಟು ವರ್ಷ ನಾನೂ ನಿನ್ನ ಭಾಷೆಯನ್ನೇ ಆಡಿದೆನಲ್ಲ" ಎಂದರು. ಅರಬಿ ನನ್ನ ಮನೆಮಾತಲ್ಲವೆಂದು ಅವರಿಗೆ ತಿದ್ದಿ ಹೇಳುವ ಮನಸ್ಸಾಗಲಿಲ್ಲ.

ತಂಗಿಯಂದಿರೇ, ತಮ್ಮಂದಿರೇ, ಹೊರಗೆ ಹೋಗಿ ಕಲಿಯಿರಿ. ಅರ್ಜಿಯಲ್ಲಿ ನಿಜವನ್ನೇ ಬರೆಯಿರಿ. ನಿಜ ತಿಳಿದು ಬೇಡ ಎನ್ನುವ ಮನೆ ನಿಮ್ಮ ಮನೆಯಲ್ಲ, ಬೇರೆ ಮನೆ ಖಂಡಿತ ಸಿಗುತ್ತದೆ. ಹೆತ್ತವರಲ್ಲಿ ಒಂದು ವಿನಂತಿ: ನನ್ನ ತಂದೆ ಕೇಳಿದ ಪ್ರಶ್ನೆಗಳನ್ನು ನೀವೂ ಕೇಳಿ. ಉತ್ತರ ಸರಿಯಾಗಿದ್ದರೆ ಹೆಣ್ಣುಮಕ್ಕಳನ್ನೂ ಧೈರ್ಯವಾಗಿ ಕಳುಹಿಸಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ, ಸತ್ಯ ನುಡಿಯುವ ನಾಲಿಗೆಯನ್ನೂ ಕರುಣಿಸಲಿ. ಆಮೀನ್.