ಉಪಗ್ರಹದ ಕಣ್ಣಿಗೆ ನಮ್ಮ ಜೋಳದ ಹೊಲ

ಚಳಿಗಾಲ ಬಂತೆಂದರೆ ಪುಣೆಯ ಹೊರವಲಯಕ್ಕೆ ಹುರ್ಡಾ ತಿನ್ನಲು ಹೋಗುವವರು ನಮ್ಮಲ್ಲಿ ಬಹಳ ಜನ. ವಿಜಯಪುರ, ಕಲಬುರಗಿ ಕಡೆಯವರಿಗೆ ಅದೇ ಸೀತನಿ, ಜೋಳದ ಎಳೆಗಾಳು. ನಾನು ಸಾಫ್ಟ್‌ವೇರ್ ಕೆಲಸದವಳು, ಓದಿದ್ದು ಎಂ.ಟೆಕ್. ಸೀತನಿ ಬಲಿತು ರಾಶಿಯಾಗುವ ಮೊದಲೇ ಎಕರೆಗೆ ಎಷ್ಟು ಬಂದೀತೆಂದು ಆಕಾಶದಿಂದ ಹೇಗೆ ಅಂದಾಜು ಮಾಡುತ್ತಾರೆ ಎಂಬುದನ್ನು ಇವತ್ತು ಹೇಳುತ್ತೇನೆ.

ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎನ್‌ಡಿವಿಐ. ಬರೀ ಮಣ್ಣಿಗೆ ಸೊನ್ನೆಯ ಆಸುಪಾಸು, ದಟ್ಟ ಹಸಿರಿಗೆ ಒಂದರ ಸಮೀಪ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 5 ದಿನಕ್ಕೊಮ್ಮೆ, 10 ಮೀಟರ್ ಚೌಕದಷ್ಟು ಸೂಕ್ಷ್ಮವಾಗಿ, ಪುಕ್ಕಟೆಯಾಗಿ ಚಿತ್ರ ಕೊಡುತ್ತವೆ. ಹಿಂದಿನ ವರ್ಷಗಳ ಹಸಿರನ್ನು ಆಯಾ ವರ್ಷದ ಇಳುವರಿಯೊಂದಿಗೆ ಹೊಂದಿಸಿ ನೋಡಿ, ಈ ವರ್ಷದ್ದನ್ನು ಊಹಿಸುತ್ತಾರೆ.

ಒಣಬೇಸಾಯಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಸೋಲಾಪುರ, ವಿಜಯಪುರದ ಮಾಲದಂಡಿ ಜೋಳ ಎರೆಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುವಂಥದ್ದು. ತೇವ ಆರಿದರೆ ಎಲೆ ಬೇಗ ಬಾಡುತ್ತದೆ, ಅದು ಮೇಲಿನಿಂದ ಕಾಣುತ್ತದೆ. ಹಿಂಗಾರಿಯಲ್ಲಿ ಮೋಡದ ಕಾಟವೂ ಕಡಿಮೆ.

ಆದರೆ 2023ರ ಮುಂಗಾರು ನೆನಪಿಸಿಕೊಳ್ಳಿ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬರ ಅಳೆಯುವ ಕೇಂದ್ರದ 2016ರ ಕೈಪಿಡಿಯಲ್ಲಿ ಉಪಗ್ರಹದ ಹಸಿರೂ ಒಂದು ಸೂಚಕ. ರಾಜ್ಯ ಸರ್ಕಾರ ಆಗ ಕೇಂದ್ರದ ಮುಂದೆ ‘ಹಸಿರು ಬರ’ದ ವಿಷಯ ಇಟ್ಟಿತು. ಹೊಲ ಹಸಿರಾಗಿದೆ, ಫಸಲು ಇಲ್ಲ! ಹೂ ಬಿಟ್ಟು ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ, ಆಮೇಲೆ ಮಳೆಯಾಗಿ ಗಿಡ ಚೇತರಿಸಿಕೊಂಡರೂ ಹೋದ ಕಾಳು ಬರುವುದಿಲ್ಲ. ಇನ್ನು ಕಳೆ, ಬದುವಿನ ಜಾಲಿ, ಅವೂ ಹಸಿರೇ ತಾನೆ?

ಇಲ್ಲಿ ರೈತರ ದುಡ್ಡಿನ ಪ್ರಶ್ನೆ ಇದೆ. ಫಸಲ್ ಬಿಮಾದಲ್ಲಿ ಪರಿಹಾರ ನಿಂತಿರುವುದು ಇಳುವರಿಯ ಲೆಕ್ಕದ ಮೇಲೆ. ಅದಕ್ಕಾಗಿ ಹೊಲದಲ್ಲಿ ಚೌಕ ಗುರುತಿಸಿ, ಕೊಯ್ದು ತೂಗುತ್ತಾರೆ. ಬೆಳೆ ಕಟಾವು ಪ್ರಯೋಗ ಎನ್ನುವುದು ಇದನ್ನೇ. 2023ರಿಂದ ಭತ್ತ ಮತ್ತು ಗೋಧಿಗೆ ತಂತ್ರಜ್ಞಾನದ ಅಂದಾಜಿಗೂ ಕನಿಷ್ಠ ಶೇ 30ರಷ್ಟು ಪಾಲು ಕೊಟ್ಟಿದ್ದಾರೆ. ಜೋಳ, ತೊಗರಿಯ ವಿಷಯದಲ್ಲಿ ನಾನು ಹೇಳುವುದಿಷ್ಟು: ಯಾವ ಹೊಲದಲ್ಲಿ ಕೊಯ್ದು ತೂಗಬೇಕು ಎಂದು ಆರಿಸಲು ಉಪಗ್ರಹ ಬಳಸಿ, ತೂಗುವುದನ್ನೇ ಬಿಡಬೇಡಿ. ಹೂ ಬಿಡುವಾಗ ಮಳೆ ತಪ್ಪಿಯೂ ಹಸಿರಾಗಿ ಕಾಣುವ ಹೊಲಕ್ಕೆ ಮೊದಲು ಜನ ಹೋಗಲಿ.

ಊರಲ್ಲಿ ಹೊಲ ಇರುವವರು ದೀಪಾವಳಿಗೆ ಹೋದಾಗ ಒಂದು ಕೆಲಸ ಮಾಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ನೋಡಿ. ಅಕ್ಕಡಿ ಸಾಲಿನ ಬೆಳೆಯೂ ಸೇರಿದೆಯೇ ಕೇಳಿ. ಜೋಳದ ಹೊಲ ಕಡಲೆ ಎಂದು ದಾಖಲಾಗಿದ್ದರೆ, ನಮ್ಮ ಕಂಪ್ಯೂಟರು ನಿಷ್ಠೆಯಿಂದ ಕಡಲೆಯ ಲೆಕ್ಕವನ್ನೇ ಹಾಕುತ್ತದೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.